ಸದ್ದಡಗಿದ ಕಾರು

ಕಣ್ಣು ಹೋದ ಮೇಲೆ ಅಕ್ಕನ ಪಾಲಿಗೆ ಊರು ಉಳಿದದ್ದು ಅಂಗಾಲಿನಲ್ಲಿ. ಅಪ್ಪ ಬಿಟ್ಟುಹೋದ ಹಳೇ ಕಾರಿನಲ್ಲಿ ತಮ್ಮ ಅವಳನ್ನು ವಾರಕ್ಕೊಮ್ಮೆ ಸುತ್ತಾಡಿಸುತ್ತಿದ್ದ. ಅವಳು ಚಪ್ಪಲಿ ಕಳಚಿ, ಬರಿಯ ತಗಡಿನ ಮೇಲೆ ಕಾಲೂರಿ ಕೂರುವಳು. ಕೆಳಗಿನಿಂದ ಗಡಗಡ ಎದ್ದರೆ, "ಕಲ್ಲುಹಾಸಿನ ಬೀದಿ. ನಮ್ಮ ಸ್ಕೂಲು ಬಂತು." ಸದ್ದು ಟೊಳ್ಳಾದರೆ, "ಸೇತುವೆ." ಬೇಕರಿ ಮುಂದಿನ ಗುಂಡಿಗೆ ಚಕ್ರ ಇಳಿದರೆ, "ಇದನ್ನ ಇನ್ನೂ ಮುಚ್ಚಿಲ್ವೇನೋ!" ಎಂದು ನಗುವಳು. ಮನೆಯಲ್ಲಿ ಗೋಡೆ ತಡವಿ ನಡೆಯುವವಳಿಗೆ ಲೋಕ ಎಂದರೆ ಅದಿಷ್ಟೇ.

ತಮ್ಮ ಒಳ್ಳೆಯವನೇ. ಒಳ್ಳೆಯವರ ಕೈಗೆ ಬಿಡುವು ಸಿಗಬಾರದು, ಅಷ್ಟೇ. ಕಾರಿನ ತಳದಲ್ಲಿ ತುಕ್ಕಿನ ಚುಕ್ಕೆ ಕಂಡದ್ದೇ ತಡ, ಅವನಿಗೆ ಒಂದೇ ಚಿಂತೆ. ಇದೂ ಹೋದರೆ ಅಕ್ಕನ ಗತಿಯೇನು? ನೀರು ಹೊಡೆದು ಕೆಸರು ತೊಳೆದ. ಒಣಗುವ ತನಕ ಕಾಯಲಾರದೆ, ಕಪ್ಪು ರಬ್ಬರಿನ ಬಣ್ಣವನ್ನು ಮೇಲಿಂದ ಮೇಲೆ ದಪ್ಪಗೆ ಬಳಿದ. ತುಕ್ಕೂ ಹಿಡಿಯುವುದಿಲ್ಲ, ಸದ್ದೂ ಬರುವುದಿಲ್ಲ ಎಂದು ಅಂಗಡಿಯವನು ಹೇಳಿದ್ದ.

ಬಣ್ಣ ಬಳಿದ ಮೇಲೆ ಮೊದಲ ಸಲ ಹೊರಟಾಗ, ಸೇತುವೆ ದಾಟಿದ ಮೇಲೆ ಅಕ್ಕ ಕೇಳಿದಳು, "ಇನ್ನೂ ಮೇನ್ ರೋಡಿಗೆ ಬಂದಿಲ್ವಾ?"

"ಸೇತುವೆ ದಾಟಾಯ್ತಕ್ಕ! ನೋಡಿದ್ಯಾ, ಬೆಣ್ಣೆ ಥರ ಹೋಗ್ತಿದೆ!"

ಅವನ ಖುಷಿಗೆ ಕಲ್ಲು ಹಾಕಲು ಅವಳಿಗೆ ಮನಸ್ಸು ಬರಲಿಲ್ಲ. ಆಮೇಲಾಮೇಲೆ ತಲೆನೋವು, ಸೊಂಟನೋವು ಎಂದು ತಪ್ಪಿಸಿಕೊಂಡಳು. ವರ್ಷ ಕಳೆದ ಮೇಲೆ, ಅವನು ಬಿಡದೆ ಪೀಡಿಸಿದಾಗ ಬಾಯಿಬಿಟ್ಟಳು.

"ಬೇಜಾರು ಮಾಡ್ಕೋಬೇಡ ಕಣೋ. ಈಗ ಅದ್ರಲ್ಲಿ ಕೂತ್ರೂ ಮನೇಲೇ ಕೂತ ಹಾಗಿರುತ್ತೆ."

ಬೇರೆ ಕಾರು ತರೋಣವೆಂದರೆ, ಈಗಿನವು ಹೊರಗೆ ಲೋಕ ಮುಳುಗಿದರೂ ಒಳಗೆ ಕೇಳಿಸದಂಥವು. ತಮ್ಮ ಗ್ಯಾರೇಜಿಗೆ ಓಡಿ, ಬಣ್ಣ ಕೆರೆದು ತೆಗೆಯಿರಿ ಎಂದ. ಮೇಸ್ತ್ರಿ ಉಳಿ ಹಾಕಿದ. ಬಣ್ಣದ ಜೊತೆ ತಳವೂ ಪುಡಿಪುಡಿಯಾಗಿ ಉದುರಿತು. ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು.

"ನೀರನ್ನ ಒಳಗಿಟ್ಟು ಬೀಗ ಹಾಕಿದೀರಲ್ಲ ಸ್ವಾಮಿ," ಎಂದ ಮೇಸ್ತ್ರಿ.

"ಹೊಸ ತಗಡು ಬೆಸೀರಿ."

"ಯಾವುದಕ್ಕೆ ಬೆಸೀಲಿ? ಅಂಚೂ ಇಲ್ಲ, ಚಾಸಿನೂ ಇಲ್ಲ. ಇಷ್ಟು ದಿನ ಹಿಡ್ಕೊಂಡಿದ್ದೇ ಈ ಬಣ್ಣ. ಗುಜರಿಗೆ ಹಾಕಿ."

ಮನೆಗೆ ಬಂದರೆ ಅಕ್ಕ ಆಗಲೇ ಕೂದಲು ಬಾಚಿ, ಹೊರಡಲು ಸಿದ್ಧಳಾಗಿ ಕುರ್ಚಿಯಲ್ಲಿ ಕೂತಿದ್ದಳು.

"ಸದ್ದು ಬಂತೇನೋ?"

"ಗಾಡೀನೇ ಹೋಯ್ತಕ್ಕ. ನಾನೇ ಹಾಳು ಮಾಡ್ಬಿಟ್ಟೆ."

ಅಷ್ಟು ಹೇಳಿ ಅವನು ಬಾಗಿಲ ಬಳಿಯಿಂದ ಸರಿದು ಗೋಡೆಗೊರಗಿದ. ಅಕ್ಕ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಎದ್ದು ಎರಡೂ ಕೈ ಮುಂದೆ ಚಾಚಿದಳು.

"ಏನಾದ್ರೂ ಮಾತಾಡೋ. ನೀನೂ ಸುಮ್ಮನಾದ್ರೆ, ಎಲ್ಲಿದೀಯ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?"

ತಮ್ಮನಿಗೆ ದನಿಯೇ ಹೊರಡಲಿಲ್ಲ. ಅವಳು ಅವನಿಲ್ಲದ ಕಡೆಗೆ ಕೈ ಚಾಚಿಕೊಂಡೇ ನಡೆದಳು.