ಸಂಕೇತದ ಹಾಳೆ

2018ರ ನವೆಂಬರ್ 16, ಶುಕ್ರವಾರ ಬೆಳಿಗ್ಗೆ 9 ಗಂಟೆ 40 ನಿಮಿಷಕ್ಕೆ ಸಿಸ್ಟರ್ ಕೋಟೇಶ್ವರಮ್ಮನವರ ಫೋನು ಬಂತು. ನಾನು ವಿಜಯವಾಡದಲ್ಲಿ, ಬೆಂಜ್ ಸರ್ಕಲ್ ಹತ್ತಿರದ ಹೋಟೆಲೊಂದರಲ್ಲಿ ನಡೆಯುತ್ತಿದ್ದ ಸಾರ್ವಜನಿಕ ಆರೋಗ್ಯ ಸಮ್ಮೇಳನದಲ್ಲಿದ್ದೆ. ಎಂ.ಡಿ. ಎರಡನೇ ವರ್ಷದ ನನ್ನ ಅಧ್ಯಯನದ ಮಂಡನೆಗೆ ಇನ್ನು ನಲವತ್ತು ನಿಮಿಷವಿತ್ತು.

"ನನ್ನನ್ನು ದೂರದ ಬೆಟ್ಟದೂರು ಪಾಡೇರಿಗೆ ವರ್ಗ ಮಾಡಿದ್ದಾರೆ, ಡಾಕ್ಟರಮ್ಮ," ಎಂದರು ತೆಲುಗಿನಲ್ಲಿ. "ಆರ್ಡರ್ ಜೊತೆ ನಿಮ್ಮ ಕೈ ತೊಳೆಯೋ ಲೆಕ್ಕದ ಟೇಬಲ್ ಲಗತ್ತಿಸಿದ್ದಾರೆ. ನಮ್ಮ ವಾರ್ಡಿನ ಹೆಸರು ಮೇಲೇ ಇದೆ."

ನಾನು ಏನೋ ಹೇಳಹೊರಟೆ.

"ಬೈಯೋಕೆ ಫೋನ್ ಮಾಡಿಲ್ಲಮ್ಮ. ‘ಈ ಹುಡುಗಿ ಯಾರ ಹೆಸರೂ ಬರೆಯೋಲ್ಲ, ನಂಬಿ’ ಅಂತ ನಮ್ಮ ನರ್ಸ್ ಹುಡುಗಿಯರಿಗೆ ಹೇಳಿದ್ದು ನಾನು. ಈಗ ಅವರಿಗೆ ಏನು ಹೇಳಲಿ? ಅದೊಂದು ಹೇಳಿ."

ಉತ್ತರಕ್ಕೆ ಕಾಯದೆ ಫೋನ್ ಇಟ್ಟರು.

ವಿಶಾಖಪಟ್ಟಣದ ನಮ್ಮ ಆಸ್ಪತ್ರೆಯಲ್ಲಿ ಅವರು ಹೆಡ್ ನರ್ಸ್. ಅವರ ವಾರ್ಡಿನ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಆರು ವಾರ ಕೂತು, ರೋಗಿಯನ್ನು ಮುಟ್ಟುವ ಮುನ್ನ ಯಾರು ಕೈ ತೊಳೆಯುತ್ತಾರೆಂದು ಪುಸ್ತಕದಲ್ಲಿ ಗೀಟು ಹಾಕಿ ಎಣಿಸಿದ್ದೆ; ನರ್ಸ್‌ಗಳದೊಂದು ಲೆಕ್ಕ, ಡಾಕ್ಟರುಗಳದೊಂದು. ನಾಲ್ಕನೇ ದಿನದಿಂದ ಯಾರೂ ನನ್ನನ್ನು ಗಮನಿಸುತ್ತಿರಲಿಲ್ಲ. ಅಧ್ಯಯನಕ್ಕೆ ಬೇಕಿದ್ದದ್ದೂ ಅದೇ. ಅಧ್ಯಯನದ ವಾರ್ಡುಗಳಿಗೆಲ್ಲ ಹೆಸರಿನ ಬದಲು ಅಕ್ಷರ ಕೊಟ್ಟಿದ್ದೆ. ಯಾವ ಅಕ್ಷರ ಯಾವ ವಾರ್ಡು ಎಂದು ಬರೆದ ಹಾಳೆ, ನಿಯಮದಂತೆ, ಸೀಲು ಮಾಡಿದ ಲಕೋಟೆಯಲ್ಲಿ ನನ್ನ ಗೈಡ್ ಡಾ. ಶ್ರೀಕಂಠ ಅವರ ಬೀರುವಿನಲ್ಲಿತ್ತು. ಸರ್ ತುಮಕೂರಿನವರು. ವಿಶಾಖಪಟ್ಟಣದಲ್ಲಿ ನನ್ನೊಡನೆ ಕನ್ನಡ ಮಾತಾಡುತ್ತಿದ್ದವರು ಅವರು ಮತ್ತು ಅವರ ಪತ್ನಿ ಕಮಲಾ ಮೇಡಂ, ಇಬ್ಬರೇ. ಆ ಲಕೋಟೆಯ ಬಗ್ಗೆ ನಾನು ಒಂದು ದಿನವೂ ಚಿಂತಿಸಿರಲಿಲ್ಲ.

ಸರ್ ಕಾಫಿ ಮೇಜಿನ ಬಳಿ ಸಿಕ್ಕರು.

"ಲಕೋಟೆ ಒಡೆದ್ರಾ ಸರ್?"

"ಸೂಪರಿಂಟೆಂಡೆಂಟ್ ಕೇಳಿದ್ರು ಕಣಮ್ಮ. ಇನ್‌ಸ್ಪೆಕ್ಷನ್ ಬರ್ತಿದೆ, ಏನಾದ್ರೂ ಕ್ರಮ ತಗೊಂಡಿದ್ದು ತೋರಿಸ್ಬೇಕಲ್ಲ." ಕಪ್ಪಿಗೆ ಸಕ್ಕರೆ ಹಾಕಿಕೊಂಡರು. "ನನ್ನ ಥೀಸಿಸ್‌ನ ಗೆದ್ದಲು ಬಿಟ್ರೆ ಇನ್ಯಾರೂ ಓದ್ಲಿಲ್ಲ. ನಿಂದು ನೋಡು, ಆಗ್ಲೇ ಕೆಲ್ಸಕ್ಕೆ ಬಂತು."

"ಡಾಕ್ಟರುಗಳ ಲೆಕ್ಕಾನೂ ಕೊಟ್ರಾ?"

"ಅದ್ಯಾಕೆ? ಅದಿದ್ದ ನಿನ್ನ ಮೂರನೇ ಸ್ಲೈಡೂ ತೆಗ್ಸಿದೀನಿ. ಮುಂದಿನ ಸಾಲಲ್ಲಿ ನಿನ್ನ ಇಬ್ರು ಎಕ್ಸಾಮಿನರ್‌ಗಳು ಕೂತಿರ್ತಾರೆ, ಅವ್ರೂ ಡಾಕ್ಟರುಗಳೇ. ಪಾಸಾಗ್ಬೇಕು ತಾನೆ? ಮೊದ್ಲು ಕಾಫಿ ಕುಡಿ."

ಅದೇ ದನಿ. ಭಾನುವಾರದ ಊಟಕ್ಕೆ ಕರೆಯುವಾಗಿನದೇ. ತಪ್ಪು ಮಾಡಿದೆನೆಂಬ ಸುಳಿವು ಅದರಲ್ಲಿ ಎಲ್ಲಾದರೂ ಇದೆಯೇ ಎಂದು ಹುಡುಕಿದೆ. ಇರಲಿಲ್ಲ.

10 ಗಂಟೆ 20ಕ್ಕೆ ವೇದಿಕೆ ಹತ್ತಿದೆ. ಎರಡನೇ ಸ್ಲೈಡಿನಲ್ಲಿ ನರ್ಸ್‌ಗಳ ಅಂಕಿಗಳಿದ್ದವು: ‘ಅ’ ವಾರ್ಡು, ಅಂದರೆ ಸಿಸ್ಟರ್ ಅವರದು, 412 ಸಂದರ್ಭಗಳಲ್ಲಿ ಕೈ ತೊಳೆದದ್ದು 177 ಬಾರಿ. ಗುಂಡಿ ಒತ್ತಿದರೆ ನೇರ ಕೊನೆಯ ತೀರ್ಮಾನಗಳೇ ಬಂದವು. ಮುಂದಿನ ಸಾಲಿನಿಂದ ಸರ್, ಮುಂದುವರಿ ಎಂದು ತಲೆಯಾಡಿಸಿದರು.

ಸಿಸ್ಟರ್ ವರ್ಗಾವಣೆ ಇದರಿಂದ ರದ್ದಾಗುವುದಿಲ್ಲವೆಂದು ಗೊತ್ತಿತ್ತು. ಆದರೂ ಚೀಲದಿಂದ ಗೀಟಿನ ಪುಸ್ತಕ ತೆಗೆದೆ.

"ಇಲ್ಲೊಂದು ಸ್ಲೈಡ್ ಇತ್ತು, ತೆಗೆದಿದ್ದಾರೆ," ಎಂದೆ. "ಅದರಲ್ಲಿದ್ದದ್ದನ್ನು ಓದುತ್ತೇನೆ. ಅದೇ ವಾರ್ಡು, ಅದೇ ಆರು ವಾರ, ಅದೇ ನಲ್ಲಿ. ವೈದ್ಯರು ಕೈ ತೊಳೆಯಬೇಕಿದ್ದ ಸಂದರ್ಭಗಳು 268. ತೊಳೆದದ್ದು 29 ಬಾರಿ."