ಬಿರಡೆ ಇರುವವರು

ರಾಳದ ವಾಸನೆ ಎಂದರೆ ಅವಳಿಗೆ ಸೋದರಮಾವ. ಚಿಕ್ಕಂದಿನಲ್ಲಿ ರಜೆಗೆಂದು ಅವರ ಮನೆಗೆ ಹೋದರೆ, ಬಾಗಿಲು ತೆರೆಯುವ ಮೊದಲೇ ಆ ವಾಸನೆ ಎದುರುಗೊಳ್ಳುತ್ತಿತ್ತು. ಒಳಗೆ ಮಾವ ಪಿಟೀಲಿನ ಕಮಾನಿಗೆ ರಾಳ ಉಜ್ಜುತ್ತಾ, "ಬಂದ್ಯಾ ಗುಂಡುಸೂಜಿ? ಚುಚ್ಚೋಕೆ ಶುರು ಮಾಡು" ಎನ್ನುತ್ತಿದ್ದರು. ಯಾರು ಅಪಸ್ವರ ನುಡಿಸಿದರೂ ಅಲ್ಲೇ ಹೇಳಿಬಿಡುವ ಹುಡುಗಿಗೆ ಅವರಿಟ್ಟ ಹೆಸರು ಅದು.

ಮಾವ ತೀರಿಕೊಂಡ ಮೇಲೆ ಅವರ ನೆನಪಿಗೆಂದು ಇಂದು ಸಂಗೀತಶಾಲೆಯ ಸಭಾಂಗಣದಲ್ಲಿ ಕಛೇರಿ. ಪಿಟೀಲು ನುಡಿಸುವವಳು ಅವಳೇ. ಮಾವ ಪಾಠ ಹೇಳುತ್ತಿದ್ದ ಜಾಗಕ್ಕೆ ಅವಳನ್ನು ತೆಗೆದುಕೊಳ್ಳುವುದೋ ಬೇಡವೋ ಎಂಬುದನ್ನು ಶಾಲೆಯ ಮುಖ್ಯಸ್ಥೆ ಇಂದು ಕೇಳಿದ ಮೇಲೆಯೇ ತೀರ್ಮಾನಿಸುವವರಿದ್ದರು. ಆ ಕೆಲಸಕ್ಕಾಗಿ ಅವಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಿದ್ದಳು.

ಜೊತೆಗೆ ಹಾರ್ಮೋನಿಯಂ ನುಡಿಸಲು ಪೆಟ್ಟಿಗೆ ತಾತ ಬಂದಿದ್ದರು. ಮಾವನಿಗೆ ಜೀವಮಾನವಿಡೀ ಸಾಥ್ ಕೊಟ್ಟವರು. ಕರೆಯದೆಯೇ ಬಂದಿದ್ದರು.

"ಪೆಟ್ಟಿಗೇನೂ ಕೆಮ್ಮುತ್ತೆ, ತಾತನೂ ಕೆಮ್ತಾರೆ. ಯಾರದ್ದು ಯಾವುದು ಅಂತಾನೇ ಗೊತ್ತಾಗಲ್ಲ" ಎಂದು ಅಣ್ಣ ಅವಳ ಕಿವಿಯಲ್ಲಿ ಹೇಳಿದ. "ಮೊಬೈಲಲ್ಲಿ ಶ್ರುತಿ ಹಾಕ್ಕೊಂಡು ನುಡಿಸು. ಅವರನ್ನ ಮುಂದಿನ ಸಾಲಲ್ಲಿ ಕೂರಿಸಿ ಶಾಲು ಹೊದಿಸೋಣ."

ತಾತ ಪೆಟ್ಟಿಗೆಯ ತಿದಿ ಒತ್ತಿ ಸ್ವರ ಹಿಡಿದರು. ಅವಳು ತಂತಿ ಮೀಟಿದಳು. ಎರಡೂ ಎಣ್ಣೆ ಸೀಗೆಕಾಯಿ. ಪೆಟ್ಟಿಗೆ ಹಳತಾಗಿ ಅದರ ಸ್ವರವೇ ಇಳಿದುಹೋಗಿತ್ತು.

"ನಿಂದು ಸ್ವಲ್ಪ ಏರಿದೆ ನೋಡು ಮಗು" ಎಂದರು ತಾತ, ಮೆಲ್ಲಗೆ, ಅವಳಿಗೆ ನೋವಾಗದ ಹಾಗೆ. "ನಿಮ್ಮ ಮಾವಂದು ಒಂದು ದಿನಾನೂ ಹೀಗಾಗ್ಲಿಲ್ಲ. ಹಾಲಿಗೆ ಸಕ್ಕರೆ ಬಿದ್ದ ಹಾಗೆ ಸೇರ್ಕೋತಿತ್ತು."

ಅಣ್ಣ ನಗು ತಡೆಯಲಾರದೆ ಅತ್ತ ತಿರುಗಿದ. 'ಇಳಿದಿರೋದು ನಿಮ್ಮದು ತಾತ' ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು.

ಕೊನೆಗಾಲದಲ್ಲಿ ಮಾವನ ಪಿಟೀಲು ಇಳಿದ ಶ್ರುತಿಯಲ್ಲಿರುತ್ತಿತ್ತು. ಕಿವಿ ಮಂದವಾಯಿತು ಎಂದು ಊರೇ ಆಡಿಕೊಂಡಿತ್ತು. ಮನೆಯವರೂ ಮರುಗಿದ್ದರು. ಅವಳೊಮ್ಮೆ ಕೇಳಿಯೂ ಬಿಟ್ಟಿದ್ದಳು. "ನನ್ನ ವಾದ್ಯಕ್ಕೆ ಬಿರಡೆ ಇದೆಯಲ್ಲೇ, ತಿರುಗಿಸಿಕೊಂಡೆ" ಎಂದು ಮಾವ ನಕ್ಕಿದ್ದರು. ವಯಸ್ಸಾದವರ ಮಾತು ಎಂದು ಅವಳು ಬಿಟ್ಟಿದ್ದಳು. ಆ ಮಾತು ಈಗ ಹೊಳೆಯಿತು: ತಂತಿ ಬಿಗಿಸಿ ಸಡಿಲಿಸಲು ಪಿಟೀಲಿಗೆ ಬಿರಡೆ ಇದೆ, ಪೆಟ್ಟಿಗೆಗಿಲ್ಲ. ಗೆಳೆಯನಿಗೆ ಗೊತ್ತಾಗದ ಹಾಗೆ, ಕಿವುಡನೆಂಬ ಮಾತನ್ನೂ ಹೊತ್ತುಕೊಂಡು, ಅವರು ಪ್ರತಿ ಕಛೇರಿಯಲ್ಲೂ ಇಳಿದು ಬಂದಿದ್ದರು.

"ಹೌದು ತಾತ, ನಂದೇ ಏರಿದೆ" ಎಂದಳು. ಬಿರಡೆಗಳನ್ನು ಒಂದೊಂದಾಗಿ ತಿರುಗಿಸಿದಳು.

"ಲೇ, ತಲೆ ಕೆಟ್ಟಿದೆಯಾ?" ಅಣ್ಣ ಪಿಸುಗುಟ್ಟಿದ. "ಸಡಿಲ ತಂತೀಲಿ ಏನು ನುಡಿಸ್ತೀಯಾ? ಕೆಲಸ ಕೊಡೋ ಆಯಮ್ಮ ಮುಂದೇನೇ ಕೂತಿರ್ತಾರೆ. ಕೈಗೆ ಬಂದಿದ್ದು ಬಾಯಿಗೆ ಬರಲ್ಲ ಅಷ್ಟೇ."

"ಬರದಿದ್ರೆ ಬೇಡ ಬಿಡೋ."

ಸಭೆ ತುಂಬಿತು. ನಾದ ಮಂಕಾಗಿತ್ತು, ನಿಜ. ನಡುವೆ ತಾತನ ಬೆರಳು ಜಾರಿ ಒಂದು ಸ್ವರ ತಪ್ಪಿತು. ಅವಳು ಅತ್ತ ನೋಡಲಿಲ್ಲ. ಅದೇ ಸ್ವರವನ್ನು ತಾನೂ ಒಮ್ಮೆ ಮುಟ್ಟಿ ಮುಂದೆ ಹೋದಳು, ಅದೂ ದಾರಿಯೇ ಎಂಬಂತೆ. ಮಾವ ಹಾಗೆ ಮಾಡುವುದನ್ನು ಎಷ್ಟೋ ಸಲ ಕಂಡಿದ್ದಳು. ಅದನ್ನು ಚಮತ್ಕಾರವೆಂದೇ ತಿಳಿದಿದ್ದಳು. ತಾತ ಕಣ್ಣು ಮುಚ್ಚಿ ನುಡಿಸುತ್ತಿದ್ದರು, ಪಕ್ಕದಲ್ಲಿ ಗೆಳೆಯನೇ ಕೂತಿರುವ ಹಾಗೆ.

ಮುಗಿದ ಮೇಲೆ ಮುಖ್ಯಸ್ಥೆ ವೇದಿಕೆಯ ಬಳಿ ಬಂದರು. "ಶ್ರುತಿ ಇಳಿದಿತ್ತಲ್ಲ?"

"ಹೌದು ಮೇಡಂ."

"ನಿಮ್ಮ ಮಾವನ ಕಿವೀನೇ ನಿಮಗೂ ಬಂದಿದೆ" ಎಂದು ಅವರು ಹೊರಟುಹೋದರು. ಹೊಗಳಿಕೆಯೋ ಕುಟುಕೋ ಅವಳಿಗೆ ತಿಳಿಯಲಿಲ್ಲ. ಹೊಗಳಿಕೆಯೆಂದೇ ತೆಗೆದುಕೊಂಡಳು. ಕೆಲಸದ ಮಾತು ಅಲ್ಲಿಗೇ ನಿಂತಿತು.

ಜನರೆಲ್ಲ ಊಟಕ್ಕೆ ಇಳಿದರು. ತಾತ ಮಾತ್ರ ವೇದಿಕೆಯ ಮೇಲೆ ಕೂತು, ಪೆಟ್ಟಿಗೆಯನ್ನು ಬಟ್ಟೆಯಿಂದ ಒರೆಸುತ್ತಿದ್ದರು. 'ನಂದೇ ಏರಿದೆ' ಎಂದು ಅವಳಾಡಿದ ಮಾತಿನ ಅರ್ಥ ಅಣ್ಣನಿಗೆ ಯಾವಾಗ ಆಯಿತೋ ಏನೋ. ಅವನು ಬಿಸಿ ಊಟದ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬಂದ. ಎರಡೂ ಕೈಯಲ್ಲಿ ಅದನ್ನು ತಾತನಿಗೆ ಕೊಟ್ಟ.