ಹಲಗೆಯ ಬೆನ್ನಿಗೆ

ಮೈದುನ ರಸ್ಸನ ಮೂಗಿನಿಂದ ರಕ್ತ ಸುರಿದರೂ ಲೊರೇನ್ ಬಾರಿಸುವುದನ್ನು ನಿಲ್ಲಿಸಲಿಲ್ಲ. ಅವಳ ಗಂಡ ನೆವಿಲ್‌ನ ಶವಪೆಟ್ಟಿಗೆ ಇನ್ನೂ ಗುಂಡಿಯ ತಳ ಮುಟ್ಟಿರಲಿಲ್ಲ. ಪಾದ್ರಿ ಪುಸ್ತಕ ಮುಚ್ಚಿ ಎರಡು ಹೆಜ್ಜೆ ಹಿಂದೆ ಸರಿದ. ಮಗಳು ಟೆಗನ್ ತಾಯಿಯ ಸೊಂಟ ಹಿಡಿದು ಎಳೆದಳು.

"ಬಿಡಮ್ಮಾ! ಚಿಕ್ಕಪ್ಪ ಅಂಥಾದ್ದೇನಂದ್ರು?"

"ಕೇಳಿಸ್ಲಿಲ್ವಾ? 'ನಮ್ಮಣ್ಣ ಹೆಂಡ್ತಿ ಮೇಲೆ ಒಂದಿನಾನೂ ಕೈ ಮಾಡ್ದೋನಲ್ಲ' ಅಂತ ಭಾಷಣ ಬಿಗೀತಾನೆ!"

"ಸುಳ್ಳೇನು?" ರಸ್ ಟೈಯಿಂದಲೇ ಮೂಗು ಒತ್ತಿಕೊಂಡ. "ಮಾಡಿದ್ನಾ ಹೇಳು."

ಮಾಡಿರಲಿಲ್ಲ. ಅದೇ ಅವಳ ಸಂಕಟ. ಹೊಡೆಯದ, ಕುಡಿಯದ, ಸಂಬಳ ತಂದುಕೊಡುವ ಗಂಡನ ಮೇಲೆ ದೂರು ಹೇಳಿದರೆ ವೈಯಾಲಾದಂಥ ಊರಿನಲ್ಲಿ ಯಾರು ಕೇಳುತ್ತಾರೆ?

*

ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಬಡಿದು ಟೊಳ್ಳು ಗೋಡೆ ಮಾಡುವುದು ನೆವಿಲ್‌ನ ಕಸುಬು. ಲೊರೇನಳ ತಾಯಿಯ ಮನೆಗೆ ಚಾವಣಿ ಸರಿಮಾಡಲು ಬಂದವನು, ಎಂಟು ತಿಂಗಳು ಪ್ರತಿ ಶನಿವಾರ ಅವಳನ್ನು ಸಮುದ್ರದ ದೋಣಿಕಟ್ಟೆಗೆ ಕರೆದೊಯ್ದ. ಕರಿದ ಮೀನು ತಿನ್ನುತ್ತ ಅವಳು ಮಾತಾಡುವಳು, ಅವನು ಗಾಳದ ದಾರ ನೋಡುವನು.

"ಏನ್ ಯೋಚ್ನೆ ಮಾಡ್ತಿದೀಯ, ನೆವ್?"

"ಏನಿಲ್ಲ."

ತಾನಾಗಿ ಅವನು ಹೇಳಿದ್ದು ಒಂದೇ ಸಂಗತಿ. ಗೋಡೆ ಮುಚ್ಚುವ ಮುಂಚೆ ಹಲಗೆಯ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಹೆಸರು, ತಾರೀಕು ಬರೆಯುವುದು ತಮ್ಮ ಕಸುಬಿನವರ ರೂಢಿ ಎಂದು. ಗಂಭೀರ ಮನುಷ್ಯ, ಮದುವೆಯಾದರೆ ಬಾಯಿ ಬಿಡುತ್ತಾನೆ ಎಂದುಕೊಂಡಳು. ಇಪ್ಪತ್ತೆರಡರ ಪ್ರಾಯಕ್ಕೆ ಮೌನವೆಲ್ಲ ಆಳವಾಗಿಯೇ ಕಾಣುತ್ತದೆ, ಏನು ಮಾಡುವುದು!

ಎರಡನೆಯ ಮಗು ಹೊಟ್ಟೆಯಲ್ಲೇ ಹೋದಾಗ, "ಒಂದ್ ಮಾತಾಡೋ, ಬೈದ್ರೂ ಸರಿ" ಎಂದು ಅವನ ಅಂಗಿ ಹಿಡಿದು ಜಗ್ಗಿದಳು. ಅವನ ಮುಷ್ಟಿ ಅವಳ ಕಿವಿಯ ಪಕ್ಕದಲ್ಲಿ ಹಾದು ಗೋಡೆಯೊಳಗೆ ಇಳಿಯಿತು. ಬಿಳಿ ಪುಡಿ ಅವಳ ತಲೆಯ ಮೇಲೆ ಉದುರಿತು. ಮರುದಿನ ಸಂಜೆಯೊಳಗೆ ಅವನೇ ತೇಪೆ ಹಾಕಿ ಗೋಡೆ ನುಣ್ಣಗೆ ಮಾಡಿದ್ದ, ಬಣ್ಣದಲ್ಲೂ ವ್ಯತ್ಯಾಸವಿರಲಿಲ್ಲ. ಆಮೇಲೆ ಮೂವತ್ತು ವರ್ಷದಲ್ಲಿ ಎಷ್ಟು ಸಲ, ಎಲ್ಲೆಲ್ಲಿ ಗುದ್ದಿದ ಎಂದು ಅವಳೂ ಗುರುತು ಹಿಡಿಯಲಾರಳು. ಅಷ್ಟು ಚೊಕ್ಕ ಕೆಲಸ, ಹಾಳಾದವನದು.

*

ಮಣ್ಣು ಮುಗಿಸಿ ಎಲ್ಲರೂ ಮನೆಗೆ ಬಂದರು. ನೆರೆಯವರು ತಂದ ಸ್ಯಾಂಡ್‌ವಿಚ್ ಯಾರೂ ಮುಟ್ಟಲಿಲ್ಲ. ರಸ್ ನಾಲ್ಕನೆಯ ಬಿಯರ್ ತೆರೆದಿದ್ದ.

"ಅಪ್ಪಂಗೆ ನಿನ್ ಮೇಲೆ ಪ್ರೀತಿ ಇತ್ತಮ್ಮಾ," ಟೆಗನ್ ಮೆಲ್ಲಗೆ ಹೇಳಿದಳು. "ಹೇಳಕ್ ಬರ್ತಿರ್ಲಿಲ್ಲ ಅಷ್ಟೇ."

"ನಿಂಗ್ ಹೇಳಿದ್ನಾ?"

ಟೆಗನ್ ಸ್ಯಾಂಡ್‌ವಿಚ್ ತಟ್ಟೆಯನ್ನು ಅತ್ತ ಸರಿಸಿದಳು.

"ನಂಗೂ ಹೇಳ್ಲಿಲ್ಲ. ಒಂದೇ ಮಾತು ಸಾಕಿತ್ತು ಕಣೇ. ಕಲ್ಲಿನ ಜತೆ ಬಾಳ್ವೆ ಮಾಡ್ದೆ."

"ಸತ್ತೋನ್ನೂ ಬಿಡಲ್ವಲ್ಲೇ ನೀನು!" ರಸ್ ಬಾಟಲಿ ಎಸೆದ. ಅದು ಅವಳ ಕಾಲ ಬುಡದಲ್ಲಿ ಚೂರಾಯಿತು. ಲೊರೇನ್ ಹಿಂದೆ ಸರಿಯದೆ, ಚೂರುಗಳನ್ನು ತುಳಿದುಕೊಂಡೇ ಅವನ ಎದುರು ಹೋಗಿ ನಿಂತಳು.

"ಹೊಡಿ. ನಿಮ್ಮೋರಿಗೆ ಗೋಡೇನೇ ಯಾಕ್ ಬೇಕು? ನಾನಿದೀನಲ್ಲ, ಹೊಡಿಯೋ!"

ರಸ್ಸನ ಮುಷ್ಟಿ ಎದ್ದಿತು. ಅಣ್ಣನದರಂತೆಯೇ ಅವಳ ಕಿವಿ ದಾಟಿ ಗೋಡೆಗೆ ಬಿತ್ತು. ಗೋಡೆ ಸೀಳಲಿಲ್ಲ, ಒಂದು ಚೌಕ ತುಂಡು ಇಡಿಯಾಗಿ ಕಳಚಿ ಒಳಕ್ಕೆ ವಾಲಿತು. ಹಳೆಯ ತೇಪೆ. ಟೆಗನ್ ಅದನ್ನು ಹೊರಗೆಳೆದು ತಿರುಗಿಸಿದಳು.

"ಅಮ್ಮಾ, ಅಪ್ಪನ ಅಕ್ಷರ."

'ತಪ್ಪಾಯ್ತು ಲೊರಿ. ನಾನೂ ಅತ್ತುಬಿಟ್ಟೆ, ಶೆಡ್ಡಿನಲ್ಲಿ. ಮಗೂಗೆ ಒಂದು ಹೆಸರು ಯೋಚಿಸಿಟ್ಟಿದ್ದೆ. 9-6-94.'

ಲೊರೇನ್ ಎರಡು ಸಲ ಓದಿದಳು.

"ಗೋಡೆಗೆ ಹೇಳಿದ್ಯಾ? ಈ ಕಡೆ ನಾನ್ ನಿಂತಿದ್ನಲ್ಲೋ ನೆವ್!" ಎಂದು ಕಿರುಚಿದಳು. "ಏನ್ ಹೆಸ್ರು? ಏನ್ ಹೆಸ್ರೋ ಅದು?"

ಅವಳು ಶೆಡ್ಡಿನಿಂದ ಅವನ ಸುತ್ತಿಗೆ ತಂದಾಗ ನೆಂಟರು ಸರಸರನೆ ಅಂಗಳಕ್ಕಿಳಿದರು. ಮೊದಲ ಏಟಿಗೆ ಮದುವೆಯ ಫೋಟೋ ಬಿತ್ತು. ತಡೆಯಹೋದ ರಸ್ಸನ ಭುಜಕ್ಕೂ ಒಂದು ಬಿತ್ತು. ಊಟದ ಕೋಣೆ ಮುಗಿಸಿ ಕೋಣೆಗಳ ನಡುವಿನ ಓಣಿಗೆ ಬಂದಳು, ಓಣಿಯಿಂದ ಮಲಗುವ ಕೋಣೆಗೆ. ಸಿಕ್ಕ ಒಂದೊಂದು ಚೌಕದ ಬೆನ್ನಲ್ಲೂ ತಪ್ಪಾಯ್ತು ಇತ್ತು, ತಾರೀಕು ಇತ್ತು. ಮಗುವಿನ ಹೆಸರು ಇರಲಿಲ್ಲ.

ಸಂಜೆ ಟೆಗನ್ ಬಾಗಿಲಲ್ಲಿ ಬಂದು ನಿಂತಾಗ ತಾಯಿಯ ಕಪ್ಪು ಉಡುಪು ಪೂರ್ತಿ ಬೆಳ್ಳಗಾಗಿತ್ತು, ಅಂಗಾಲಿನಿಂದ ರಕ್ತ ಸೋರುತ್ತಿತ್ತು. ಲೊರೇನ್ ಉಳಿದ ಕೊನೆಯ ಗೋಡೆಗೆ ಕಿವಿಯಿಟ್ಟು, ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಿದ್ದಳು. ಒಂದು ಗೇಣು ಸರಿದು, ಮತ್ತೆ ತಟ್ಟಿದಳು.